ಕರೆಂಟು ಹೋದ ಮೇಲೆ ಕಿರ್ದಿ ನೋಡಿ: ಓದುಗರ ಲಿನಕ್ಸ್ ಪ್ರಶ್ನೆಗಳು

ಪುನರ್ವಸು ಮಳೆ ಹಿಡಿದ ಮೇಲೆ ನನಗೆ ಬರುವ ಪತ್ರಗಳ ವಿಷಯ ಬದಲಾಗುತ್ತದೆ. ಬೇಸಿಗೆಯಲ್ಲಿ ಎಲ್ಲರೂ ಪ್ರಿಂಟರ್ ಬಗ್ಗೆ ಕೇಳುತ್ತಾರೆ. ಮಳೆಗಾಲದಲ್ಲಿ ಒಂದೇ ಗೋಳು: ಕರೆಂಟು ಹೋಯಿತು, ಕಂಪ್ಯೂಟರ್ ಏಳುತ್ತಿಲ್ಲ. ಈ ಸಲ ಅವುಗಳಲ್ಲೇ ಏಳನ್ನು ಆರಿಸಿಕೊಂಡಿದ್ದೇನೆ.

ಮೊದಲೇ ಒಂದು ಮಾತು. ಕಮಾಂಡ್‌ಗಳನ್ನು ಫೋನಿನಲ್ಲಿ ಹೇಳುವ ಹಾಗೆ ಅಕ್ಷರ ಬಿಡಿಸಿ ಬರೆದಿದ್ದೇನೆ. ನೀವು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿಕೊಳ್ಳಿ. 'ಮೈನಸ್' ಅಂದರೆ ಸೊನ್ನೆಯ ಪಕ್ಕದ ಅಡ್ಡಗೆರೆ. 'ಸ್ಲ್ಯಾಷ್' ಅಂದರೆ ಪ್ರಶ್ನೆ ಚಿಹ್ನೆ ಇರುವ ಕೀ. ಎಂಟರ್ ಹತ್ತಿರ ಇನ್ನೊಂದು ಓರೆಗೆರೆ ಇದೆ, ಅದಲ್ಲ.

ಪ್ರಶ್ನೆ: ನಾನು ಡಬ್ಲಿನ್‌ನಲ್ಲಿದ್ದೇನೆ. ಅಪ್ಪ, ಅಮ್ಮ ಕೊಪ್ಪದ ಹತ್ತಿರ ಊರಲ್ಲಿದ್ದಾರೆ. ಅಪ್ಪನ ಡೆಸ್ಕ್‌ಟಾಪ್‌ಗೆ ಲಿನಕ್ಸ್ ಮಿಂಟ್ ಹಾಕಿಕೊಟ್ಟಿದ್ದೆ. ಮೊನ್ನೆ ಗಾಳಿಮಳೆಗೆ ಒಂದೇ ಸಂಜೆ ಐದಾರು ಸಲ ಕರೆಂಟು ಹೋಗಿ ಬಂತಂತೆ. ಈಗ ಆನ್ ಮಾಡಿದರೆ ಕಪ್ಪು ಪರದೆ ಬರುತ್ತದೆ. ಕೊನೆಯ ಸಾಲಿನಲ್ಲಿ ಬ್ರ್ಯಾಕೆಟ್ಟಿನೊಳಗೆ 'ಇನಿಟ್‌ರಾಮ್‌ಎಫ್‌ಎಸ್' ಅಂತ ಬಂದು ನಿಲ್ಲುತ್ತದೆ. ಅಂಗಡಿಯವರು ಫಾರ್ಮ್ಯಾಟ್ ಮಾಡಬೇಕು ಅಂದರಂತೆ. ಅಪ್ಪನಿಗೆ 68 ವರ್ಷ. ಫೋನಿನಲ್ಲೇ ಸರಿ ಮಾಡಿಸಬಹುದೇ?

ಉತ್ತರ: ಮಾಡಿಸಬಹುದು. ಫಾರ್ಮ್ಯಾಟ್ ಮಾತ್ರ ಬೇಡ. ಅಂಗಡಿಗೆ ಹೋಗಿದ್ದರೆ ಅಪ್ಪನಿಗೆ ಹೇಳಿ ಮೊದಲು ವಾಪಸ್ ತರಿಸಿ.

ಅಪ್ಪನ ಕಂಪ್ಯೂಟರ್ ಈಗ ಜಗಲಿಯಲ್ಲಿ ನಿಂತಿದೆ, ಅಷ್ಟೇ. ಆನ್ ಮಾಡಿದಾಗ ಲಿನಕ್ಸ್ ನೇರ ಮನೆಯೊಳಗೆ ನುಗ್ಗುವುದಿಲ್ಲ. ಮೆಮೊರಿಯಲ್ಲಿ ಒಂದು ಪುಟ್ಟ ಸಿಸ್ಟಂ ಹಾಕಿಕೊಂಡು, ಅಲ್ಲಿಂದ ಡಿಸ್ಕ್ ಸರಿ ಇದೆಯಾ ಅಂತ ನೋಡಿ, ಆಮೇಲೆ ಒಳಗೆ ಹೋಗುತ್ತದೆ. ಆ ಜಗಲಿಯ ಹೆಸರೇ ಇನಿಟ್‌ರಾಮ್‌ಎಫ್‌ಎಸ್. ಒಳಗೆ ಏನೋ ಸರಿ ಇಲ್ಲ, ಯಜಮಾನರನ್ನು ಕರೀರಿ ಅಂತ ಅದು ಹೊರಗೇ ನಿಂತಿದೆ. ಒಳಗಿನ ಸಾಮಾನು ಬಹುಪಾಲು ಇದ್ದಲ್ಲೇ ಇರುತ್ತದೆ.

ಏನು ಸರಿ ಇಲ್ಲ? ನಾನು ಇಪ್ಪತ್ತೆರಡು ವರ್ಷ ಅಡಿಕೆ ಸೊಸೈಟಿಯಲ್ಲಿ ಲೆಕ್ಕ ಬರೆದವನು, ನನಗೆ ಇದು ಲೆಕ್ಕದ ಭಾಷೆಯಲ್ಲೇ ಅರ್ಥವಾಗುವುದು. ಸೊಸೈಟಿಯಲ್ಲಿ ಯಾವ ವ್ಯವಹಾರ ಆದರೂ ಮೊದಲು ರೋಜುಕಿರ್ದಿಗೆ ಏರುತ್ತದೆ. ಆಮೇಲೆ ಅದನ್ನು ನೋಡಿಕೊಂಡು ಒಬ್ಬೊಬ್ಬರ ಖಾತೆಗೆ ಹಾಕುತ್ತೇವೆ. ಖಾತೆಗೆ ಹಾಕುತ್ತಿರುವಾಗ ದೀಪ ಆರಿದರೆ ಚಿಂತೆ ಇಲ್ಲ. ಬೆಳಿಗ್ಗೆ ಬಂದು ಕಿರ್ದಿ ತೆಗೆದು, ಎಲ್ಲಿಗೆ ನಿಂತಿತ್ತು ನೋಡಿ, ಅಲ್ಲಿಂದ ಮುಂದಕ್ಕೆ ಹಾಕಿದರಾಯಿತು. ಲಿನಕ್ಸ್‌ನ ಇಎಕ್ಸ್‌ಟಿ4 ಫೈಲ್ ಸಿಸ್ಟಂ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಮಾಡುವುದೂ ಇದನ್ನೇ. ಅದರ ಕಿರ್ದಿಯ ಹೆಸರು ಜರ್ನಲ್. ಕರೆಂಟು ಹೋಗಿ ಬಂದ ಮೇಲೆ ಪರದೆಯಲ್ಲಿ 'ರಿಕವರಿಂಗ್ ಜರ್ನಲ್' ಅಂತ ಒಂದು ಸಾಲು ಕಂಡು ಮಾಯವಾಗುತ್ತದಲ್ಲ, ಅದು ಕಿರ್ದಿ ನೋಡಿಕೊಂಡು ಖಾತೆ ಸರಿಮಾಡಿದ್ದು. 2001ರ ಕೊನೆಗೆ ಇಎಕ್ಸ್‌ಟಿ3 ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಬರುವವರೆಗೆ ನಾವು ಬಳಸುತ್ತಿದ್ದ ಇಎಕ್ಸ್‌ಟಿ2ಕ್ಕೆ ಈ ಕಿರ್ದಿಯೇ ಇರಲಿಲ್ಲ. ಒಂದು ಸಲ ಕರೆಂಟು ಹೋದರೆ ಇಡೀ ಡಿಸ್ಕಿನ ಲೆಕ್ಕ ಮೊದಲಿಂದ ತಾಳೆ ನೋಡಬೇಕಿತ್ತು. ಚಹಾ ಕುಡಿದು ಬರುವಷ್ಟು ಹೊತ್ತಲ್ಲ, ಸ್ನಾನ ಮುಗಿಸಿ ಬರುವಷ್ಟು ಹೊತ್ತು.

ಹಾಗಾದರೆ ಕಿರ್ದಿ ಇದ್ದೂ ಯಾಕೆ ಕೆಟ್ಟಿತು? ಮೊದಲು ಕಿರ್ದಿ, ಆಮೇಲೆ ಖಾತೆ ಎನ್ನುವ ಆ ಕ್ರಮ ತಪ್ಪಿದರೆ ಕೆಡುತ್ತದೆ. ಡಿಸ್ಕಿನೊಳಗೂ ಸ್ವಲ್ಪ ಮೆಮೊರಿ ಇರುತ್ತದೆ. ಕೆಲವು ಡಿಸ್ಕ್‌ಗಳು ಬರೆಯುವ ಮೊದಲೇ 'ಬರೆದಾಯ್ತು' ಅಂದುಬಿಡುತ್ತವೆ. ಕರೆಂಟು ಪಟ್ಟನೆ ಹೋಗದೆ ಡಿಮ್ ಆಗಿ, ಮತ್ತೆ ಬಂದು, ಮತ್ತೆ ಡಿಮ್ ಆಗಿ ಹೋದರೆ ಇನ್ನೂ ಕಷ್ಟ. ಕಿರ್ದಿ ನೋಡಿ ಸರಿಮಾಡುತ್ತಿರುವಾಗಲೇ ಮತ್ತೊಮ್ಮೆ ಹೋಗುತ್ತದೆ. ನಿಮ್ಮಪ್ಪನ ಮನೆಯಲ್ಲಿ ಆಗಿದ್ದು ಅದೇ ಇರಬೇಕು.

ಈಗ ಕೆಲಸ. ಅಪ್ಪನಿಗೆ ಮೊದಲು ಎಕ್ಸಿಟ್ ಅಂತ ಟೈಪ್ ಮಾಡಿ ಎಂಟರ್ ಒತ್ತಲು ಹೇಳಿ. ಸುಮ್ನೆ ನಿಂತಿದ್ದ ಪರದೆ ತನ್ನ ದೂರನ್ನು ಮತ್ತೆ ಓದಿ ಹೇಳುತ್ತದೆ. ಅದರಲ್ಲಿ 'ಅನ್‌ಎಕ್ಸ್‌ಪೆಕ್ಟೆಡ್ ಇನ್‌ಕನ್ಸಿಸ್ಟೆನ್ಸಿ' ಅಂತಲೂ, ಎಫ್‌ಎಸ್‌ಸಿಕೆಯನ್ನು (ಡಿಸ್ಕಿನ ಲೆಕ್ಕ ತಾಳೆ ನೋಡಿ ಸರಿಮಾಡುವ ಕಮಾಂಡ್) ಕೈಯಾರೆ ಓಡಿಸಿ ಅಂತಲೂ ಇರುತ್ತದೆ. ಆ ಸಾಲಿನ ಶುರುವಿನಲ್ಲೇ ಸ್ಲ್ಯಾಷ್ ಡೆವ್ ಸ್ಲ್ಯಾಷ್ ಎಸ್‌ಡಿಎ2 ಅನ್ನುವಂಥ ಹೆಸರು ಕಾಣುತ್ತದೆ. ಅದನ್ನು ಕಾಗದದಲ್ಲಿ ಬರೆದುಕೊಳ್ಳಲಿ. ನಿಮ್ಮಲ್ಲಿ ಎಸ್‌ಡಿಎ1 ಇರಬಹುದು, ಎಸ್‌ಡಿಎ5 ಇರಬಹುದು. ಕೊನೆಯ ಅಂಕಿ ಬಿಡಬಾರದು. ಅಂಕಿ ಬಿಟ್ಟು ಬರೀ ಎಸ್‌ಡಿಎ ಅಂತ ಕೊಟ್ಟರೆ 'ಬ್ಯಾಡ್ ಮ್ಯಾಜಿಕ್ ನಂಬರ್' ಅಂತ ಬೆದರಿಸುತ್ತದೆ. ಎಲ್ಲ ಹೋಯಿತು ಅಂತ ಅಂದುಕೊಂಡು ನನಗೆ ಫೋನ್ ಮಾಡಿದವರಲ್ಲಿ ಅರ್ಧ ಜನ ಮಾಡಿದ್ದು ಇಷ್ಟೇ. (ಹೆಸರು ಸರಿ ಇದ್ದೂ ಹಾಗೇ ಬಂದರೆ, ಮೊದಲ ಪುಟ ಹರಿದಿದೆ ಅಂತ ಅರ್ಥ. ಅದರ ನಕಲುಗಳನ್ನು ಇಎಕ್ಸ್‌ಟಿ4 ಬೇರೆ ಬೇರೆ ಕಡೆ ಇಟ್ಟಿರುತ್ತದೆ. ಎಫ್‌ಎಸ್‌ಸಿಕೆ, ಸ್ಪೇಸ್, ಮೈನಸ್ ಬಿ, ಸ್ಪೇಸ್, 32768, ಸ್ಪೇಸ್, ಡಿಸ್ಕಿನ ಹೆಸರು ಕೊಟ್ಟರೆ ಸಾಮಾನ್ಯವಾಗಿ ಮೊದಲ ನಕಲು ಸಿಗುತ್ತದೆ.)

ಮೊದಲು ಬರೀ ನೋಡುವ ಕಮಾಂಡ್ ಕೊಡಿ: ಎಫ್‌ಎಸ್‌ಸಿಕೆ, ಸ್ಪೇಸ್, ಮೈನಸ್ ಎಫ್‌ಎನ್, ಸ್ಪೇಸ್, ಸ್ಲ್ಯಾಷ್ ಡೆವ್ ಸ್ಲ್ಯಾಷ್ ಎಸ್‌ಡಿಎ2. ಇದು ಡಿಸ್ಕಿಗೆ ಏನನ್ನೂ ಬರೆಯುವುದಿಲ್ಲ. ತಪ್ಪುಗಳು ಇರುವುದಕ್ಕಿಂತ ಜಾಸ್ತಿಯೇ ಕಾಣುತ್ತವೆ, ಯಾಕೆಂದರೆ ಈ ಸಲ ಅದು ಕಿರ್ದಿ ತೆಗೆಯದೆ ಖಾತೆ ಮಾತ್ರ ನೋಡುತ್ತಿದೆ. ಅದಕ್ಕೆ ಹೆದರಬೇಡಿ. ನೀವು ಹುಡುಕಬೇಕಾದ್ದು ಒಂದೇ ಮಾತು: 'ಇನ್‌ಪುಟ್ ಔಟ್‌ಪುಟ್ ಎರರ್' ಅಥವಾ 'ಎರರ್ ರೀಡಿಂಗ್ ಬ್ಲಾಕ್'. ಅದು ಕಂಡರೆ ಕೈ ತೆಗೆಯಿರಿ. ಆಗ ಕೆಟ್ಟಿರುವುದು ಲೆಕ್ಕವಲ್ಲ, ಪುಸ್ತಕದ ಕಾಗದವೇ. ಅಂಥ ಡಿಸ್ಕಿನಲ್ಲಿ ಲೆಕ್ಕ ಸರಿಮಾಡಲು ಹೋದರೆ ಉಳಿದ ಹಾಳೆಯೂ ಹರಿಯುತ್ತದೆ.

ಇದನ್ನು ಯಾರೋ ಹೇಳಿ ಕಲಿತದ್ದಲ್ಲ. ನಮ್ಮನೆ ಅಂಗಳದಲ್ಲಿ ಮಳೆ ಮಾಪಕ ಇದೆ. ದಿನಾ ಬೆಳಿಗ್ಗೆ ಎಷ್ಟು ಇಂಚು, ಎಷ್ಟು ಸೆಂಟು ಅಂತ ಕಂಪ್ಯೂಟರಿನಲ್ಲಿ ಬರೆದಿಡುತ್ತಿದ್ದೆ. 2012ರಲ್ಲಿ ಹೀಗೇ ಒಂದು ಆಷಾಢದಲ್ಲಿ ಡಿಸ್ಕ್ ಟಿಕ್ ಟಿಕ್ ಅನ್ನುತ್ತಿತ್ತು. ಕೇಳಿಸುತ್ತಿತ್ತು. ಆದರೂ ಎಫ್‌ಎಸ್‌ಸಿಕೆ ಓಡಿಸಿ, ಕೇಳಿದ್ದಕ್ಕೆಲ್ಲ ಹೌದು ಅಂದೆ. ಅರ್ಧ ಗಂಟೆಗೆ ಡಿಸ್ಕ್ ನಿಂತೇ ಹೋಯಿತು. ಎರಡು ವರ್ಷದ ಮಳೆ ಲೆಕ್ಕ ಹೋಯಿತು. ಒಂದು ವರ್ಷದ್ದು ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ನಲ್ಲಿ ಬರೆದಿದ್ದು ಅಟ್ಟದಲ್ಲಿ ಸಿಕ್ಕಿತು. ಇನ್ನೊಂದು ವರ್ಷದ ಕ್ಯಾಲೆಂಡರ್ ಹರಿದು ನಮ್ಮಮ್ಮ ಡಬ್ಬಿಗಳ ಕೆಳಗೆ ಹಾಸಿದ್ದರು.

ಓದುವ ತಪ್ಪು ಕಾಣಲಿಲ್ಲ ಅಂದರೆ ಅದೇ ಕಮಾಂಡನ್ನು ಮೈನಸ್ ಎಫ್‌ಎನ್ ಇಲ್ಲದೆ ಕೊಡಿ. ಈಗ ಒಂದೊಂದಾಗಿ ಕೇಳುತ್ತದೆ. 'ಫ್ರೀ ಬ್ಲಾಕ್ಸ್ ಕೌಂಟ್ ರಾಂಗ್' ಅಂದರೆ ಖಾಲಿ ಜಾಗದ ಮೊತ್ತ ತಪ್ಪಿದೆ, ವೈ ಒತ್ತಿ. 'ಆರ್ಫನ್' ಅಂದರೆ ಅಳಿಸುವಾಗ ಅರ್ಧಕ್ಕೆ ನಿಂತ ಫೈಲ್, ವೈ. 'ಅನ್‌ಅಟ್ಯಾಚ್ಡ್ ಐನೋಡ್' ಅಂದರೆ ಹೆಸರು ಕಳಕೊಂಡ ಫೈಲ್, ಅದಕ್ಕೂ ವೈ. ಅದು ಎಲ್ಲಿಗೆ ಹೋಗುತ್ತದೆ ಎನ್ನುವುದು ಮೂರನೇ ಉತ್ತರದಲ್ಲಿದೆ. 'ಮಲ್ಟಿಪ್ಲೈ ಕ್ಲೇಮ್ಡ್' ಅಂತ ಸಾಲು ಸಾಲಾಗಿ ಬಂದರೆ ಮಾತ್ರ ನಿಲ್ಲಿಸಿ. ಒಂದೇ ಸೈಟಿಗೆ ಇಬ್ಬರು ಪತ್ರ ತಂದು ತೋರಿಸಿದ ಹಾಗೆ ಅದು. ಮೊದಲು ಬೇರೆ ಡಿಸ್ಕಿಗೆ ನಕಲು ತೆಗೆದು ಆಮೇಲೆ ತೀರ್ಮಾನ ಮಾಡಬೇಕು.

ಕೊನೆಗೆ 'ಫೈಲ್ ಸಿಸ್ಟಂ ವಾಸ್ ಮಾಡಿಫೈಡ್' ಅನ್ನುತ್ತದೆ. ಎಂಥದೂ ಕೇಳದೆ ಮುಗಿಯುವವರೆಗೆ ಇನ್ನೊಂದು ಸಲ ಓಡಿಸಿ. ಆಮೇಲೆ ಎಕ್ಸಿಟ್. ಮಿಂಟ್‌ನ ಪರದೆ ಬರಬೇಕು.

ಬಂದ ಮೇಲೆ ಖುಷಿಯಲ್ಲಿ ಫೋನ್ ಇಡಬೇಡಿ. ಮೆನುವಿನಲ್ಲಿ 'ಡಿಸ್ಕ್ಸ್' ಅನ್ನುವ ಆ್ಯಪ್ ತೆಗೆಸಿ, ಸ್ಮಾರ್ಟ್ ಡೇಟಾ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ನೋಡಿಸಿ. ಅಪ್ಪನದು ತಿರುಗುವ ಹಾರ್ಡ್ ಡಿಸ್ಕ್ ಆದರೆ ಅದರಲ್ಲಿ 5, 197, 198ನೇ ಸಾಲುಗಳು ಮುಖ್ಯ. ಸೊನ್ನೆ ಇದ್ದರೆ ಒಳ್ಳೆಯದು. ವಾರದಿಂದ ವಾರಕ್ಕೆ ಏರುತ್ತಿದ್ದರೆ ಹೊಸ ಡಿಸ್ಕ್ ತರಿಸಿ. 199 ಮಾತ್ರ ಏರುತ್ತಿದ್ದರೆ ಡಿಸ್ಕಿನ ತಪ್ಪಲ್ಲ, ಕೇಬಲ್ ಸಡಿಲ ಇರಬಹುದು.

ಫೋನಿನಲ್ಲಿ ಎಸ್ ಅಂದರೆ ಎಫ್ ಕೇಳಿಸುತ್ತದೆ, ಬಿ ಅಂದರೆ ಡಿ ಕೇಳಿಸುತ್ತದೆ. ನಾನು 'ಎಸ್ ಅಂದ್ರೆ ಸಾಗರ, ಎಫ್ ಅಂದ್ರೆ ಫ್ಯಾನು' ಅಂತ ಹೇಳುತ್ತೇನೆ. ನೀವು ಕೊಪ್ಪದ ಕಡೆಯ ಹೆಸರು ಹುಡುಕಿಕೊಳ್ಳಿ.

ಪ್ರಶ್ನೆ: ಎಫ್‌ಎಸ್‌ಸಿಕೆಗೆ ಮೈನಸ್ ವೈ ಹಾಕಿದರೆ ಎಲ್ಲಕ್ಕೂ ಅದೇ ಹೌದು ಅಂದುಕೊಳ್ಳುತ್ತದೆ. ನಾನು ಹತ್ತು ವರ್ಷದಿಂದ ಹಾಗೇ ಮಾಡುತ್ತಿದ್ದೇನೆ, ಏನೂ ಆಗಿಲ್ಲ. ನೀವು ಯಾಕೆ ಸುಮ್ನೆ ಹೆದರಿಸುತ್ತೀರಿ? (ದಾವಣಗೆರೆಯ ಓದುಗರು)

ಉತ್ತರ: ನಿಮ್ಮ ಮಾತು ಮುಕ್ಕಾಲು ಪಾಲು ನಿಜ. ಎಫ್‌ಎಸ್‌ಸಿಕೆ ಕೇಳುವ ಪ್ರಶ್ನೆಗೆ ಬೇಡ ಅನ್ನಲು ನಮಗೂ ಬೇರೆ ಕಾರಣ ಗೊತ್ತಿರುವುದಿಲ್ಲ. ಮುನ್ನೂರು ಪ್ರಶ್ನೆ ಬಂದರೆ ನಾನೂ ಮೈನಸ್ ವೈ ಹಾಕುತ್ತೇನೆ. ನನ್ನ ಜಗಳ ವೈ ಜೊತೆಗಲ್ಲ, ನೋಡದೆ ಹಾಕುವ ವೈ ಜೊತೆಗೆ. ಮೊದಲು ಬರೀ ನೋಡುವ ಎನ್, ಆಮೇಲೆ ವೈ. ಇನ್ನೊಂದು ವಿಷಯದಲ್ಲಿ ಮಾತ್ರ ರಿಯಾಯಿತಿ ಇಲ್ಲ: ಮೌಂಟ್ ಆಗಿ ಬಳಕೆಯಲ್ಲಿರುವ ಡಿಸ್ಕಿನ ಮೇಲೆ ಎಫ್‌ಎಸ್‌ಸಿಕೆ ಓಡಿಸಬೇಡಿ. ಗುಮಾಸ್ತ ಬರೆಯುತ್ತಿರುವ ಪುಟವನ್ನೇ ಆಡಿಟರ್ ಎಳೆದು ತಿದ್ದಿದರೆ ಇಬ್ಬರ ಲೆಕ್ಕವೂ ಹಾಳು.

ನಿಮ್ಮ ಡಿಸ್ಕಿನ ಫೈಲ್ ಸಿಸ್ಟಂ ಇಎಕ್ಸ್‌ಟಿ4 ಅಲ್ಲದೆ ಎಕ್ಸ್‌ಎಫ್‌ಎಸ್ ಅಥವಾ ಬಿಟಿಆರ್‌ಎಫ್‌ಎಸ್ ಆಗಿದ್ದರೆ ಇಲ್ಲಿ ಹೇಳಿದ್ದು ಯಾವುದೂ ನಡೆಯುವುದಿಲ್ಲ. ಅವಕ್ಕೆ ಬೇರೆಯೇ ಔಷಧ. ಬಿಟಿಆರ್‌ಎಫ್‌ಎಸ್‌ನ ರಿಪೇರಿ ಕಮಾಂಡನ್ನಂತೂ ಫೈಲ್ ಎಲ್ಲ ಹೊರಗೆ ತೆಗೆದುಕೊಳ್ಳುವ ಮೊದಲು ಮುಟ್ಟಬೇಡಿ.

ಪ್ರಶ್ನೆ: ನಾನು ಪುತ್ತೂರು ಕಡೆಯವನು. ಹವ್ಯಾಸಕ್ಕೆ ಯಕ್ಷಗಾನ ರೆಕಾರ್ಡ್ ಮಾಡುತ್ತೇನೆ. ಆರು ವರ್ಷದ ಆಟಗಳು ಒಂದು ಎಕ್ಸ್‌ಟರ್ನಲ್ ಡಿಸ್ಕಿನಲ್ಲಿದ್ದವು. ಕಾಪಿ ಆಗುತ್ತಿರುವಾಗ ಕರೆಂಟು ಹೋಯಿತು. ಎಫ್‌ಎಸ್‌ಸಿಕೆ ಮಾಡಿದೆ, ಸರಿಯಾಯಿತು ಅಂತು. ಆದರೆ ಫೋಲ್ಡರ್‌ಗಳಲ್ಲಿ ಅರ್ಧ ಕಾಣಿಸುತ್ತಿಲ್ಲ. 'ಲಾಸ್ಟ್ ಪ್ಲಸ್ ಫೌಂಡ್' ಅಂತ ಒಂದು ಫೋಲ್ಡರ್ ಇದೆ, ತೆರೆಯಲು ಬಿಡುತ್ತಿಲ್ಲ. ಹೋದ ಹಾಗೆಯೇ ಲೆಕ್ಕವೇ?

ಉತ್ತರ: ಇಲ್ಲ. ತೆರೆಯಲು ಬಿಡದ ಆ ಕೋಣೆಯಲ್ಲೇ ಇರಬೇಕು.

ಫೈಲಿನ ಹೆಸರು ಫೈಲಿನ ಜೊತೆ ಇರುವುದಿಲ್ಲ. ಗಾತ್ರ, ತಾರೀಖು, ಯಾವ ಜಾಗದಲ್ಲಿದೆ ಎನ್ನುವ ವಿವರ ಎಲ್ಲ ಐನೋಡ್ ಎನ್ನುವ ಕಡೆ. ಹೆಸರು ಮಾತ್ರ ಫೋಲ್ಡರಿನ ಪಟ್ಟಿಯಲ್ಲಿ. ನಿಮ್ಮಲ್ಲಿ ಹಾಳಾಗಿದ್ದು ಪಟ್ಟಿ. ಮಾಲು ಗೋದಾಮಿನಲ್ಲಿದೆ, ಚೀಲದ ಮೇಲಿನ ಹೆಸರು ಅಳಿಸಿದೆ. ಹೆಸರಿಲ್ಲದ್ದನ್ನೆಲ್ಲ ಎಫ್‌ಎಸ್‌ಸಿಕೆ ತಂದು ಈ ಕೋಣೆಯಲ್ಲಿ ಹಾಕಿ, ಒಂದೊಂದಕ್ಕೆ ಹ್ಯಾಷ್ ಗುರುತು ಮತ್ತು ಐನೋಡ್ ನಂಬರ್ ಬರೆದಿರುತ್ತದೆ. ಬೀಗದ ಕೈ ರೂಟ್, ಅಂದರೆ ಎಲ್ಲ ಅಧಿಕಾರ ಇರುವ ಬಳಕೆದಾರನ ಹತ್ತಿರ ಮಾತ್ರ ಇರುವುದರಿಂದ ನಿಮಗೆ ತೆರೆಯಲಿಲ್ಲ. ಕಮಾಂಡ್ ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಸುಡೊ, ಸ್ಪೇಸ್, ಮೈನಸ್ ಐ ಅಂತ ಕೊಟ್ಟು ರೂಟ್ ಆಗಿ, ಸಿಡಿ ಎನ್ನುವ ಕಮಾಂಡಿನಿಂದ ಆ ಫೋಲ್ಡರಿಗೆ ಹೋಗಿ.

ಎಲ್‌ಎಸ್, ಸ್ಪೇಸ್, ಮೈನಸ್ ಎಲ್‌ಟಿ ಕೊಡಿ. ತಾರೀಖಿನ ಪ್ರಕಾರ ಸಾಲು ನಿಲ್ಲುತ್ತವೆ. ಸಾಲಿನ ಮೊದಲ ಅಕ್ಷರ ಡಿ ಇದ್ದರೆ ಅದು ಫೋಲ್ಡರ್. ಮೊದಲು ಅವುಗಳನ್ನೇ ನೋಡಿ. ಮೇಲಿನ ಫೋಲ್ಡರಿನ ಪಟ್ಟಿ ಹೋದರೂ ಒಳಗಿನ ಫೋಲ್ಡರುಗಳ ಪಟ್ಟಿ ಹಾಗೇ ಉಳಿದಿರುತ್ತದೆ. ಅಂದರೆ ವರ್ಷದ ಹೆಸರು ಹೋಗಿ ಬರೀ ನಂಬರ್ ಆಗಿರುತ್ತದೆ, ಒಳಗೆ ಹೋದರೆ ಆಟದ ಹೆಸರುಗಳು ನೀವಿಟ್ಟ ಹಾಗೇ ಇರುತ್ತವೆ. ಎಷ್ಟೋ ಸಲ ಇಷ್ಟಕ್ಕೇ ಮುಕ್ಕಾಲು ಕೆಲಸ ಮುಗಿಯುತ್ತದೆ.

ಬಿಡಿ ಫೈಲುಗಳು ಉಳಿದರೆ ಫೈಲ್ ಅನ್ನುವ ಕಮಾಂಡೇ ಇದೆ. ಹೆಸರು ನೋಡದೆ, ಒಳಗಿನ ಮೊದಲ ಬೈಟುಗಳನ್ನು ನೋಡಿ ಇದು ವೇವ್, ಇದು ಜೆಪೆಗ್ ಅಂತ ಹೇಳುತ್ತದೆ. ಒಂದು ಕಿತಾಪತಿ ಇದೆ. ಹ್ಯಾಷ್ ಗುರುತಿನಿಂದ ಶುರುವಾಗುವುದನ್ನು ಟರ್ಮಿನಲ್ ಟಿಪ್ಪಣಿ ಅಂದುಕೊಂಡು ಬಿಟ್ಟುಬಿಡುತ್ತದೆ. ಅದಕ್ಕೇ ಹೆಸರಿನ ಹಿಂದೆ ಒಂದು ಚುಕ್ಕೆ, ಒಂದು ಸ್ಲ್ಯಾಷ್ ಹಾಕಿ.

ಇನ್ನು ಯಾವುದು ಯಾವ ಆಟ? ತಾರೀಖು ಐನೋಡಿನಲ್ಲೇ ಇರುವುದರಿಂದ ಅದು ಉಳಿದಿದೆ. ಯಾವ ರಾತ್ರಿ ಎಲ್ಲಿ ಆಟ ಅಂತ ನಿಮ್ಮ ಹತ್ತಿರ ಡೈರಿ ಇಲ್ಲದಿದ್ದರೂ ಮೇಳದ ತಿರುಗಾಟದ ಪಟ್ಟಿ ಯಾರ ಹತ್ತಿರವಾದರೂ ಇರುತ್ತದೆ. ದೀಪಾವಳಿಯಿಂದ ಪತ್ತನಾಜೆವರೆಗಿನ ರಾತ್ರಿಗಳಿಗೆ ತಾಳೆ ಹಾಕುತ್ತಾ ಹೋಗಿ. ಗಾತ್ರವೂ ಸಹಾಯ ಮಾಡುತ್ತದೆ. ಸಿಡಿ ಗುಣಮಟ್ಟದ ಸ್ಟಿರಿಯೋ ವೇವ್ ಆದರೆ ಗಂಟೆಗೆ ಸುಮಾರು 635 ಎಂಬಿ. ರೆಕಾರ್ಡರ್ ಎರಡು ಜಿಬಿಗೆ ತುಂಡು ಮಾಡಿದ್ದರೆ ಒಂದೊಂದು ತುಂಡು ಮೂರು ಗಂಟೆ ಇಪ್ಪತ್ತು ನಿಮಿಷ ಚಿಲ್ಲರೆ. ಭಾಗವತರ ದನಿ ಕೇಳಿ ಪ್ರಸಂಗ ಗುರುತಿಸುವುದು ನನ್ನಿಂದ ಆಗದು, ನಿಮ್ಮಿಂದ ಆಗುತ್ತದೆ.

ಗುರುತಿಸಿದ್ದನ್ನು ಅದೇ ಡಿಸ್ಕಿನಲ್ಲಿ ಜೋಡಿಸಬೇಡಿ, ಬೇರೆ ಡಿಸ್ಕಿಗೆ ಕಾಪಿ ಮಾಡಿ. ಲಾಸ್ಟ್ ಪ್ಲಸ್ ಫೌಂಡ್‌ನಲ್ಲೂ ಸಿಗದೆ ಉಳಿದದ್ದಕ್ಕೆ ಫೋಟೋರೆಕ್ ಇದೆ. ಹೆಸರಲ್ಲಿ ಫೋಟೋ ಇದ್ದರೂ ಆಡಿಯೋವನ್ನೂ ಹುಡುಕುತ್ತದೆ. ಅದು ಹೆಸರು, ಫೋಲ್ಡರ್ ಯಾವುದನ್ನೂ ಕೊಡದೆ ರಾಶಿ ಹಾಕುತ್ತದೆ. ಕೊನೆಗೆ ಇರಲಿ.

ಪ್ರಶ್ನೆ: ಮನೆಯಲ್ಲಿ ದೊಡ್ಡ ಇನ್ವರ್ಟರ್ ಇದೆ. ಲೈಟ್, ಫ್ಯಾನ್ ಆರುವುದೇ ಇಲ್ಲ. ಆದರೂ ಕರೆಂಟು ಹೋದ ಕೂಡಲೇ ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗುತ್ತದೆ. ಲಿನಕ್ಸ್ ದೋಷವೇ? (ಶಿರಸಿಯ ಓದುಗರು)

ಉತ್ತರ: ಲಿನಕ್ಸ್ ಪಾಪ, ಅದರದೇನೂ ತಪ್ಪಿಲ್ಲ. ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತು, ಒಂದು ಸುತ್ತಿಗೆ 20 ಮಿಲಿಸೆಕೆಂಡ್. ಕಂಪ್ಯೂಟರಿನ ಪವರ್ ಸಪ್ಲೈ ಪೂರ್ತಿ ಲೋಡಿನಲ್ಲಿ ಕರೆಂಟಿಲ್ಲದೆ ತಡೆಯುವುದು ಒಂದು ಸುತ್ತಿಗಿಂತ ಕಡಿಮೆ, ಸುಮಾರು 16-17 ಮಿಲಿಸೆಕೆಂಡ್. ಹಳೆಯದಾದರೆ ಅಷ್ಟೂ ಇಲ್ಲ. ಇನ್ವರ್ಟರ್ ಅದಕ್ಕಿಂತ ನಿಧಾನಕ್ಕೆ ಬದಲಾದರೆ ಫ್ಯಾನಿಗೆ ಗೊತ್ತೇ ಆಗುವುದಿಲ್ಲ, ಕಂಪ್ಯೂಟರ್ ಬಿದ್ದುಹೋಗುತ್ತದೆ.

ಇನ್ವರ್ಟರಿನ ಹಿಂಭಾಗದಲ್ಲಿ ಟಾರ್ಚ್ ಬಿಟ್ಟು ನೋಡಿ. ಬಹಳಷ್ಟರಲ್ಲಿ ಒಂದು ಪುಟ್ಟ ಸ್ವಿಚ್ ಇರುತ್ತದೆ, ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ನಾರ್ಮಲ್ ಅಥವಾ ವೈಡ್ ಅಂತ ಬರೆದಿರುತ್ತದೆ. ಕಟ್ಟಿಸಿದವರು ನಾರ್ಮಲ್‌ನಲ್ಲಿ ಬಿಟ್ಟು ಹೋಗಿರುತ್ತಾರೆ. ಯುಪಿಎಸ್ ಕಡೆ ತಳ್ಳಿ. ಬದಲಾವಣೆ ಬೇಗ ಆಗುತ್ತದೆ. ಆದರೆ ಅದಕ್ಕೆ ವೋಲ್ಟೇಜ್ ವಿಷಯದಲ್ಲಿ ಮಡಿ ಜಾಸ್ತಿ. ಸಂಜೆ ಹೊತ್ತು ನಿಮ್ಮ ಓಣಿಯಲ್ಲಿ ವೋಲ್ಟೇಜ್ ಕುಸಿದರೆ ಪದೇ ಪದೇ ಬ್ಯಾಟರಿಗೆ ಹೋಗುತ್ತದೆ, ಬ್ಯಾಟರಿ ಬೇಗ ಸೋಲುತ್ತದೆ.

ನನ್ನ ಕೇಳಿದರೆ, ಕಂಪ್ಯೂಟರಿಗೆ ಪ್ರತ್ಯೇಕ ಒಂದು 600 ವಿಎ ಯುಪಿಎಸ್ ಇಟ್ಟುಬಿಡಿ. ಹತ್ತು ನಿಮಿಷ ಸಿಕ್ಕಿದರೆ ಸಾಕಲ್ವಾ, ಸೇವ್ ಮಾಡಿ ಶಟ್‌ಡೌನ್ ಮಾಡಲು? ಒಳಗಿನ ಬ್ಯಾಟರಿ ಎರಡು-ಮೂರು ವರ್ಷಕ್ಕೆ ಬದಲಾಯಿಸಬೇಕು, ಅದನ್ನು ಯಾರೂ ಮಾಡುವುದಿಲ್ಲ. ಲೇಸರ್ ಪ್ರಿಂಟರನ್ನು ಅದಕ್ಕೆ ಸಿಕ್ಕಿಸಬೇಡಿ.

ಪ್ರಶ್ನೆ: ಉಬುಂಟು ಅಪ್‌ಡೇಟ್ ಆಗುತ್ತಿರುವಾಗ ಕರೆಂಟು ಹೋಯಿತು. ಈಗ ಆನ್ ಮಾಡಿದರೆ 'ಕರ್ನಲ್ ಪ್ಯಾನಿಕ್, ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್' ಅಂತ ಬರುತ್ತದೆ. ಎಫ್‌ಎಸ್‌ಸಿಕೆ ಮಾಡಿದೆ, ಕ್ಲೀನ್ ಅನ್ನುತ್ತದೆ. (ಹಾಸನದ ವಿದ್ಯಾರ್ಥಿ)

ಉತ್ತರ: ಎಫ್‌ಎಸ್‌ಸಿಕೆ ನಿಜವನ್ನೇ ಹೇಳಿದೆ. ನಿನ್ನ ಲೆಕ್ಕ ಸರಿ ಇದೆ, ಮನೆ ಅರ್ಧ ಕಟ್ಟಿ ಬಿಟ್ಟಿದೆ. ಹೊಸ ಕರ್ನಲ್ ಬಂದು ಕೂತಿದೆ. ಅದಕ್ಕೆ ಬೇಕಾದ ಜಗಲಿ, ಅಂದರೆ ಮೇಲೆ ಹೇಳಿದ ಇನಿಟ್‌ರಾಮ್‌ಎಫ್‌ಎಸ್, ತಯಾರಾಗುವ ಮೊದಲೇ ಕರೆಂಟು ಹೋಗಿದೆ.

ಹಳೆಯ ಕರ್ನಲ್ ಇನ್ನೂ ಇದೆ. ಆನ್ ಆಗುವಾಗ ಎಸ್ಕೇಪ್ ಒತ್ತು, ಹಳೆ ಮಾದರಿಯ ಬಯೋಸ್ ಆದರೆ ಶಿಫ್ಟ್ ಹಿಡಿ. ಎಸ್ಕೇಪ್ ಒಂದೇ ಸಲ. ಗಾಬರಿಯಲ್ಲಿ ಪಟಪಟ ಒತ್ತಿದರೆ ಗ್ರಬ್‌ನ (ಯಾವ ಕರ್ನಲ್ ಅಂತ ಕೇಳುವ ಮೆನು ಅದರದ್ದೇ) ಕಮಾಂಡ್ ಸಾಲಿಗೆ ಬೀಳುತ್ತೀಯ. ಬಿದ್ದರೆ ನಾರ್ಮಲ್ ಅಂತ ಟೈಪ್ ಮಾಡಿ ಎಂಟರ್ ಕೊಟ್ಟು ಮತ್ತೊಮ್ಮೆ ಎಸ್ಕೇಪ್ ಒತ್ತು. ಮೆನು ಬಂದ ಮೇಲೆ 'ಅಡ್ವಾನ್ಸ್ಡ್ ಆಪ್ಷನ್ಸ್'ನಲ್ಲಿ ಎರಡನೇ ಕರ್ನಲ್ ಆರಿಸು.

ಒಳಗೆ ಹೋದ ಮೇಲೆ ಟರ್ಮಿನಲ್‌ನಲ್ಲಿ ಮೂರು ಕಮಾಂಡ್. ಮೊದಲು ಸುಡೊ, ಡಿಪಿಕೆಜಿ, ಎರಡು ಮೈನಸ್ ಕೂಡಿಸಿ ಕಾನ್ಫಿಗರ್, ಮೈನಸ್ ಎ. ಅರ್ಧಕ್ಕೆ ನಿಂತ ಪ್ಯಾಕೇಜುಗಳನ್ನೆಲ್ಲ ಇದು ಮುಗಿಸುತ್ತದೆ. ಆಮೇಲೆ ಸುಡೊ, ಎಪಿಟಿ, ಮೈನಸ್ ಎಫ್, ಇನ್‌ಸ್ಟಾಲ್. ಕೊನೆಗೆ ಸುಡೊ, ಅಪ್‌ಡೇಟ್ ಮೈನಸ್ ಇನಿಟ್‌ರಾಮ್‌ಎಫ್‌ಎಸ್ (ನಡುವೆ ಸ್ಪೇಸ್ ಇಲ್ಲ), ಮೈನಸ್ ಯು, ಮೈನಸ್ ಕೆ, ಆಲ್. ಜಾಗ ಇಲ್ಲ ಅಂತ ದೂರಿದರೆ ಕರ್ನಲ್‌ಗಳನ್ನು ಇಡುವ ಬೂಟ್ ಪಾರ್ಟಿಷನ್ ತುಂಬಿದೆ ಅಂತ ಅರ್ಥ. ಹಳೆಯ ಕರ್ನಲ್‌ಗಳಲ್ಲಿ ಒಂದೆರಡು ತೆಗೆ. ಈಗ ನೀನು ಹತ್ತಿ ಬಂದದ್ದನ್ನೇ ತೆಗೆದುಬಿಡಬೇಡ.

ಪ್ರಶ್ನೆ: ಲಿನಕ್ಸ್ ಪೂರ್ತಿ ಸಿಕ್ಕಿಕೊಂಡಾಗ ಸ್ವಿಚ್ ಆರಿಸುವುದು ಬಿಟ್ಟು ಬೇರೆ ದಾರಿ ಇಲ್ಲವೇ? ಅದೂ ಕರೆಂಟು ಹೋದ ಹಾಗೇ ಅಲ್ವಾ? (ಬೆಂಗಳೂರಿನ ಓದುಗರು)

ಉತ್ತರ: ಹೌದು, ಸ್ವಿಚ್ ಆರಿಸುವುದೂ ಅದೇ. ಆದರೆ ಬೇರೆ ದಾರಿ ಇದೆ. ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಕೀ ಒತ್ತಿ ಹಿಡಿದು, ಎರಡೆರಡು ಸೆಕೆಂಡ್ ಬಿಟ್ಟು ಎಸ್, ಯು, ಬಿ ಒತ್ತಿ. ಎಸ್ ಅಂದರೆ ಬಾಕಿ ಇದ್ದದ್ದನ್ನೆಲ್ಲ ಡಿಸ್ಕಿಗೆ ಬರೆ, ಯು ಅಂದರೆ ಪುಸ್ತಕ ಮುಚ್ಚು, ಬಿ ಅಂದರೆ ರೀಬೂಟ್. ಹಳೆಯ ಸಲಹೆಗಳಲ್ಲಿ ಆರು ಅಕ್ಷರ ಕಾಣುತ್ತವೆ. ಉಬುಂಟು ಸಾಮಾನ್ಯವಾಗಿ ಈ ಮೂರಕ್ಕೆ ಮಾತ್ರ ಅನುಮತಿ ಕೊಟ್ಟಿರುತ್ತದೆ, ಮೂರೇ ಸಾಕು. ಲ್ಯಾಪ್‌ಟಾಪ್‌ಗಳಲ್ಲಿ ಎಫ್‌ಎನ್ ಕೀ ಕೂಡ ಬೇಕಾಗಬಹುದು.

ಪ್ರಶ್ನೆ: ನಾನು ಹೈಸ್ಕೂಲ್ ಟೀಚರ್. ಕನ್ನಡ ಪ್ರಶ್ನೆಪತ್ರಿಕೆಯನ್ನು ಲಿಬ್ರೆ ಆಫೀಸ್‌ನಲ್ಲಿ ಟೈಪ್ ಮಾಡಿ ಸೇವ್ ಮಾಡಿದೆ. ಅದೇ ಕ್ಷಣ ಕರೆಂಟು ಹೋಯಿತು. ಈಗ ಫೈಲ್ ಇದೆ, ತೆರೆಯುತ್ತಿಲ್ಲ. ದಯವಿಟ್ಟು ಬೇಗ ತಿಳಿಸಿ.

ಉತ್ತರ: ಟೀಚರೇ, ಸೇವ್ ಒತ್ತಿದ ತಕ್ಷಣ ಅದು ಡಿಸ್ಕಿಗೆ ಹೋಯಿತು ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಲಿನಕ್ಸ್ ಅದನ್ನು ಅರ್ಧ ನಿಮಿಷದವರೆಗೂ ಮೆಮೊರಿಯಲ್ಲೇ ಇಟ್ಟುಕೊಳ್ಳಬಹುದು. ಇಎಕ್ಸ್‌ಟಿ4 ಹೊಸದಾಗಿ ಬಂದಾಗ, 2009ರಲ್ಲಿ, ಇದರಿಂದ ದೊಡ್ಡ ಗಲಾಟೆಯೇ ಆಗಿತ್ತು. ಕರೆಂಟು ಹೋಗಿ ಬಂದರೆ ಫೈಲಿನ ಹೆಸರು ಇರುತ್ತಿತ್ತು, ಒಳಗೆ ಸೊನ್ನೆ ಬೈಟ್. ಅದನ್ನು ನೋಡಿಕೊಳ್ಳುತ್ತಿದ್ದ ಥಿಯೋಡೋರ್ ಚೋ, ತಪ್ಪು ಬರೆದಿರುವುದು ಆ್ಯಪ್‌ಗಳು ಅಂತ ವಾದಿಸಿದರೂ ಕೊನೆಗೆ ಫೈಲ್ ಸಿಸ್ಟಂನಲ್ಲೇ ಒಂದು ತೇಪೆ ಹಾಕಿದರು. ಹಾಗಾಗಿ ಈಗ ಕಡಿಮೆ. ಪೂರ್ತಿ ನಿಂತಿಲ್ಲ.

ಫೈಲಿನ ಗಾತ್ರ ನೋಡಿ. ಸೊನ್ನೆ ಇದ್ದರೆ ಅದರಲ್ಲಿ ಹುಡುಕಲು ಏನೂ ಇಲ್ಲ. ಸೊನ್ನೆ ಅಲ್ಲದಿದ್ದರೆ ಒಂದು ಕಾಪಿ ಮಾಡಿಕೊಂಡು, ಕಾಪಿಯ ಹೆಸರಿನ ಕೊನೆಯ ಒಡಿಟಿ ತೆಗೆದು ಜಿಪ್ ಅಂತ ಹಾಕಿ ಬಿಡಿಸಿ. ಒಡಿಟಿ ಫೈಲ್ ಅಂದರೆ ಒಂದು ಜಿಪ್ ಗಂಟು, ಅಷ್ಟೇ. ಒಳಗೆ ಕಂಟೆಂಟ್ ಡಾಟ್ ಎಕ್ಸ್‌ಎಂಎಲ್ ಎನ್ನುವ ಫೈಲಿನಲ್ಲಿ ನಿಮ್ಮ ಪ್ರಶ್ನೆಗಳಿರುತ್ತವೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದರೆ ಕನ್ನಡವಾಗೇ ಕಾಣುತ್ತದೆ. ಹಳೆಯ ನುಡಿ ಫಾಂಟಿನಲ್ಲಿದ್ದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರದ ಹಾಗೆ ಕಾಣುತ್ತದೆ. ಎಸೆಯಬೇಡಿ, ಅದನ್ನು ಯೂನಿಕೋಡ್‌ಗೆ ಬದಲಾಯಿಸಬಹುದು.

ಈ ಟೀಚರ್ ತಮ್ಮ ಪತ್ರದಲ್ಲಿ 'ಬೇಗ' ಅನ್ನುವ ಪದಕ್ಕೆ ಎರಡು ಗೆರೆ ಎಳೆದಿದ್ದರು. ಪತ್ರಿಕೆ ಕೈಗೆ ಬರುವ ಹೊತ್ತಿಗೆ ಪರೀಕ್ಷೆ ಮುಗಿದಿರುತ್ತದೆ ಅಂತ ಅವರಿಗೆ ನಾನೇ ಫೋನ್ ಮಾಡಿದೆ. ಗಾತ್ರ ನೋಡಿಸಿದರೆ ಸೊನ್ನೆ. ಹೋಮ್ ಫೋಲ್ಡರಿನಲ್ಲಿ ಕಂಟ್ರೋಲ್ ಎಚ್ ಒತ್ತಿ, ಅಡಗಿದ್ದ ಕಾನ್ಫಿಗ್ ಫೋಲ್ಡರಿನ ಒಳಗೆ ಲಿಬ್ರೆ ಆಫೀಸ್, ಅದರೊಳಗೆ 4, ಅದರೊಳಗೆ ಯೂಸರ್, ಅದರೊಳಗೆ ಬ್ಯಾಕಪ್ ಅಂತ ಇಳಿಸಿದೆ. ಆಟೋರಿಕವರಿ ಹತ್ತು ನಿಮಿಷಕ್ಕೊಮ್ಮೆ ಇಟ್ಟುಕೊಂಡಿದ್ದ ಒಂದು ಪ್ರತಿ ಅಲ್ಲಿ ಕೂತಿತ್ತು. ಹದಿನೆಂಟು ಪ್ರಶ್ನೆಗಳು ಸಿಕ್ಕವು. ವ್ಯಾಕರಣದ ಭಾಗ ಇರಲಿಲ್ಲ, ಅದನ್ನು ಕೈಯಲ್ಲಿ ಬರೆದು ಜೆರಾಕ್ಸ್ ಮಾಡಿಸಿದರಂತೆ. ಆ ಹತ್ತನ್ನು ಎರಡು ನಿಮಿಷಕ್ಕೆ ಇಳಿಸುವುದು ಟೂಲ್ಸ್, ಆಪ್ಷನ್ಸ್, ಲೋಡ್ ಸೇವ್, ಜನರಲ್‌ನಲ್ಲಿ. ಅದನ್ನು ಹೇಳುತ್ತಿರುವಾಗಲೇ ನಮ್ಮ ಕಡೆ ಕರೆಂಟು ಹೋಗಿ ಲ್ಯಾಂಡ್‌ಲೈನ್ ಕಟ್ಟಾಯಿತು.